ಪ್ರಕೃತಿಯ ನಿಯಮಕ್ಕೂ ಮನುಷ್ಯರ ಕಟ್ಟಳೆಗೂ ಏನು ವ್ಯತ್ಯಾಸ? ಧರ್ಮದ ಕಟ್ಟಳೆ ಯಾವುದಕ್ಕೆ ಸೇರುತ್ತದೆ?

ಒಂದು ಸುಲಭ ಪರೀಕ್ಷೆ ಇದೆ. ಆ ನಿಯಮ ನಡೆಯಲು ಯಾರಾದರೂ ದೊಣ್ಣೆ ಹಿಡಿದು ಕಾಯಬೇಕಾ, ನೋಡಿ. ಬಾಯಾರಿಕೆಗೆ ಕಾವಲುಗಾರ ಬೇಕಿಲ್ಲ. ಕೆರೆಯ ನೀರು ಯಾರು ಮುಟ್ಟಬಾರದು ಅನ್ನುವುದಕ್ಕೆ ಬೇಕು.

ಮಹಾರಾಷ್ಟ್ರದ ಮಹಾಡ್‌ನ ಚವದಾರ್ ಕೆರೆಯನ್ನೇ ತಗೊಳ್ಳಿ. ದನಕರು ಅಲ್ಲಿ ನೀರು ಕುಡಿಯಬಹುದಿತ್ತು, ದಲಿತರು ಕುಡಿಯುವಂತಿರಲಿಲ್ಲ. ಕೆರೆ ಎಲ್ಲರಿಗೂ ಮುಕ್ತ ಅಂತ ಪುರಸಭೆ ಹೇಳಿತ್ತು, ಅದು ಬರೀ ಕಾಗದದ ಮೇಲೆ. 1927ರ ಮಾರ್ಚ್ 20ರಂದು ಅಂಬೇಡ್ಕರ್ ತಮ್ಮ ಜನರ ಜೊತೆ ಹೋಗಿ ನೀರು ಕುಡಿದರು. ಕೆರೆಯೇನೂ ಬತ್ತಲಿಲ್ಲ, ಸಿಡಿಲೂ ಬಡಿಯಲಿಲ್ಲ. ಹಲ್ಲೆ ಮಾಡಿದ್ದು ಮನುಷ್ಯರೇ. ಆಮೇಲೆ ಮೇಲ್ಜಾತಿಯವರು 108 ಮಡಕೆಗಳಲ್ಲಿ ಸಗಣಿ, ಗಂಜಲ, ಹಾಲು, ಮೊಸರು ತುಂಬಿ, ಮಂತ್ರ ಹೇಳುತ್ತಾ ಕೆರೆಯನ್ನು 'ಶುದ್ಧಿ' ಮಾಡಿದರು. ಕುಡಿಯೋ ನೀರಿಗೆ ಸಗಣಿ, ಅದೂ ಶುದ್ಧಿಗೆ ಅಂತ!

ಇಂಥ ಕಟ್ಟಳೆ ತಾನು ದೇವರದ್ದು, ಅನಾದಿಯದ್ದು ಅನ್ನುತ್ತದೆ. ನನ್ನ ತಕರಾರು ಅಲ್ಲೇ ಇರೋದು. ಪ್ರಶ್ನೆ ಕೇಳಿದರೆ ಪಾಪ ಅಂತ ಬಾಯಿ ಮುಚ್ಚಿಸಬಹುದಲ್ವಾ? ಆದರೆ ಈ ಕೆರೆಯ ಕೇಸು ಕೋರ್ಟಿಗೆ ಹೋದಾಗ ಈ 'ಅನಾದಿ ಪದ್ಧತಿ'ಯನ್ನು ಮೇಲ್ಜಾತಿಯವರಿಗೆ ಸಾಬೀತು ಮಾಡೋಕೆ ಆಗಲಿಲ್ಲ. 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲೂ ಸೋತರು.

ಹಾಗಂತ ಕಾನೂನನ್ನು ಜಾಸ್ತಿ ಹೊಗಳಬೇಕಿಲ್ಲ. ಕೋರ್ಟು ತೂಗಿದ್ದು ಪದ್ಧತಿ ಎಷ್ಟು ಹಳೆಯದು ಅಂತ, ಅದು ನ್ಯಾಯವೇ ಅಂತಲ್ಲ. ಆದರೆ ಕಾನೂನು ತಾನು ಮನುಷ್ಯರ ಕೈಕೆಲಸ ಅಂತ ಒಪ್ಪುತ್ತದೆ, ಹಾಗಾಗಿ ತಿದ್ದಬಹುದು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿದ್ದು ಹಾಗೆ.