ಮರುಕಳಿಸಿದ ಪ್ರಾಸ್ಟೇಟ್ ಕ್ಯಾನ್ಸರ್: ಹಾರ್ಮೋನ್ ಇಂಜೆಕ್ಷನ್ ಈಗಲೇ ಬೇಕೇ, ಕಾಯಬಹುದೇ?

ತಂದೆಗೆ 72 ವರ್ಷ, ಪ್ರಾಸ್ಟೇಟ್ ತೆಗೆಸಿ ಆರು ವರ್ಷವಾಗಿದೆ, ಗ್ಲೀಸನ್ ಅಂಕ (ಕ್ಯಾನ್ಸರ್ ಎಷ್ಟು ಉಗ್ರ ಎಂಬುದರ ಅಳತೆ) 7, ಆಮೇಲೆ ರೇಡಿಯೇಷನ್ ಕೂಡ ಮುಗಿದಿದೆ, ಈಗ ಹದಿನೆಂಟು ತಿಂಗಳಲ್ಲಿ ಪಿಎಸ್‌ಎ 0.3, 0.5, 0.9 ಎಂದು ಏರಿದೆ ಎಂದು ಬರೆದಿದ್ದೀರಿ. (ಪಿಎಸ್‌ಎ ಎಂದರೆ ಪ್ರಾಸ್ಟೇಟ್ ಕೋಶಗಳಿಂದ ರಕ್ತಕ್ಕೆ ಬರುವ ಒಂದು ಪ್ರೋಟೀನ್; ರಕ್ತಪರೀಕ್ಷೆಯಲ್ಲಿ ಅಳೆಯುತ್ತಾರೆ.) ಒಬ್ಬ ವೈದ್ಯರು ಹಾರ್ಮೋನ್ ಇಂಜೆಕ್ಷನ್ (ಟೆಸ್ಟೊಸ್ಟಿರಾನ್ ಎಂಬ ಗಂಡು ಹಾರ್ಮೋನನ್ನು ತಗ್ಗಿಸುವ ಔಷಧ) ಶುರು ಮಾಡೋಣ ಎನ್ನುತ್ತಾರೆ, ಇನ್ನೊಬ್ಬರು ಕಾಯೋಣ ಎನ್ನುತ್ತಾರೆ, ಯಾರ ಮಾತು ಕೇಳಲಿ ಎಂಬುದು ನಿಮ್ಮ ಪ್ರಶ್ನೆ. ನಾನು ವೈದ್ಯನಲ್ಲ. ಗಣಿತದ ಉಪನ್ಯಾಸಕನಾಗಿ ನಿವೃತ್ತನಾದವನು. ಇದೇ ಕಾಯಿಲೆಯಲ್ಲಿ ಇದೇ ಹಂತವನ್ನು ದಾಟಿ ಬಂದವನು. ಆ ಸಲುಗೆಯಿಂದ ಹೇಳುತ್ತೇನೆ: ಇಬ್ಬರೂ ಸರಿಯಾಗಿಯೇ ಹೇಳುತ್ತಿದ್ದಾರೆ. ನಾನು ನಿಮ್ಮ ತಂದೆಯವರ ಜಾಗದಲ್ಲಿದ್ದರೆ ಇಂದು ಇಂಜೆಕ್ಷನ್ ತೆಗೆದುಕೊಳ್ಳುತ್ತಿರಲಿಲ್ಲ. ಹಾಗೆಂದು ಸುಮ್ಮನೆ ಕೂರುತ್ತಲೂ ಇರಲಿಲ್ಲ.

ವರದಿ ಬಂದ ಕೂಡಲೇ ಮನೆಮಂದಿಯೆಲ್ಲ ನೋಡುವುದು ಕೊನೆಯ ಅಂಕಿಯನ್ನು. ಈ ಹಂತದಲ್ಲಿ ಅದಕ್ಕಿಂತ ಹೆಚ್ಚು ಹೇಳುವುದು ಆ ಅಂಕಿ ದುಪ್ಪಟ್ಟಾಗಲು ತೆಗೆದುಕೊಳ್ಳುವ ಕಾಲ. ವೈದ್ಯರು ಇದನ್ನು ಡಬ್ಲಿಂಗ್ ಟೈಮ್ ಎನ್ನುತ್ತಾರೆ. ನಿಮ್ಮ ಲೆಕ್ಕ ಹೀಗಿದೆ: 0.3 ಇದ್ದದ್ದು 18 ತಿಂಗಳಲ್ಲಿ ಮೂರು ಪಟ್ಟಾಗಿದೆ. ಲಾಗರಿದಮ್ ಹಾಕಿ ನೋಡಿದರೆ ದುಪ್ಪಟ್ಟಾಗಲು ಸುಮಾರು 11 ತಿಂಗಳು ಹಿಡಿಯುತ್ತಿದೆ. ಮೊದಲ ಒಂಬತ್ತು ತಿಂಗಳಿನ ವೇಗವೂ ನಂತರದ ಒಂಬತ್ತು ತಿಂಗಳಿನ ವೇಗವೂ ಹೆಚ್ಚುಕಡಿಮೆ ಒಂದೇ. ಯುರೋಪಿನ ಯುರಾಲಜಿ ಸಂಘದ ಮಾರ್ಗಸೂಚಿಯ ಪ್ರಕಾರ, ದೇಹದಲ್ಲಿ ಬೇರೆಲ್ಲೂ ಗಡ್ಡೆ ಕಾಣದಿದ್ದು ಈ ಕಾಲ 12 ತಿಂಗಳಿಗಿಂತ ಹೆಚ್ಚಿದ್ದರೆ ಹಾರ್ಮೋನ್ ಚಿಕಿತ್ಸೆ ಕೊಡಬಾರದು. ಇತ್ತ, ಬೇಗ ಶುರು ಮಾಡುವುದರ ಪರವಾಗಿ ಈಗ ಎಲ್ಲರೂ ಎತ್ತಿ ತೋರಿಸುವ ಎಂಬಾರ್ಕ್ ಎಂಬ ಅಧ್ಯಯನಕ್ಕೆ ಸೇರಿಸಿಕೊಂಡದ್ದು ಈ ಕಾಲ 9 ತಿಂಗಳು ಅಥವಾ ಅದಕ್ಕಿಂತ ಕಡಿಮೆ ಇದ್ದವರನ್ನು. ಹನ್ನೊಂದು ಎಂಬುದು ಒಂಬತ್ತಕ್ಕಿಂತ ಹೆಚ್ಚು, ಹನ್ನೆರಡಕ್ಕಿಂತ ಕಡಿಮೆ. ನಿಮ್ಮ ಇಬ್ಬರು ವೈದ್ಯರ ಜಗಳವೆಲ್ಲ ಬಹುಶಃ ಈ ಸಂದಿಯೊಳಗೇ ಇದೆ.

ಎಂಬಾರ್ಕ್ ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. 1068 ರೋಗಿಗಳಲ್ಲಿ ಕೆಲವರಿಗೆ ಲ್ಯೂಪ್ರೊಲೈಡ್ ಇಂಜೆಕ್ಷನ್ ಮಾತ್ರ, ಕೆಲವರಿಗೆ ಎನ್ಜಲುಟಮೈಡ್ ಮಾತ್ರೆ ಮಾತ್ರ, ಕೆಲವರಿಗೆ ಎರಡೂ. ಐದು ವರ್ಷದ ಹೊತ್ತಿಗೆ ಕ್ಯಾನ್ಸರ್ ಬೇರೆಡೆ ಹರಡದೆ ಬದುಕಿದ್ದವರು ಎರಡೂ ಪಡೆದವರಲ್ಲಿ ಶೇ 87, ಇಂಜೆಕ್ಷನ್ ಮಾತ್ರ ಪಡೆದವರಲ್ಲಿ ಶೇ 71. ದೊಡ್ಡ ವ್ಯತ್ಯಾಸವೇ, ಅನುಮಾನವಿಲ್ಲ. ಆದರೆ ಅಲ್ಲಿದ್ದವರೆಲ್ಲರ ಕಾಯಿಲೆ ಓಡುತ್ತಿತ್ತು. ಜೊತೆಗೆ, ಶಸ್ತ್ರಚಿಕಿತ್ಸೆಯಾದವರಿಗೆ ಪಿಎಸ್‌ಎ ಕನಿಷ್ಠ 1 ಮುಟ್ಟಿರಬೇಕೆಂಬ ನಿಯಮವೂ ಇತ್ತು. ನಿಮ್ಮ ತಂದೆಯವರು ಇಂದಿನ ಲೆಕ್ಕದಲ್ಲಿ ಆ ಅಧ್ಯಯನದ ಬಾಗಿಲ ಹೊರಗಿದ್ದಾರೆ, ಹೊಸ್ತಿಲ ಹತ್ತಿರ. ಇನ್ನೊಂದು ಸಂಗತಿಯನ್ನು ಅನೇಕರು ಗಮನಿಸುವುದಿಲ್ಲ: ಅಲ್ಲಿ ಎಲ್ಲರಿಗೂ ಒಂದೇ ಸಮನೆ ಔಷಧ ಕೊಡಲಿಲ್ಲ. ಒಂಬತ್ತು ತಿಂಗಳಾಗುವ ಹೊತ್ತಿಗೆ ಪಿಎಸ್‌ಎ 0.2ಕ್ಕಿಂತ ಕೆಳಗಿಳಿದಿದ್ದರೆ ನಿಲ್ಲಿಸಿ, ಏರಿದಾಗ ಮತ್ತೆ ಶುರು ಮಾಡಿದರು.

ಕಾಯುವುದರ ಪರವಾಗಿಯೂ ದಾಖಲೆ ಇದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯವರು 1999ರಲ್ಲಿ ಪ್ರಕಟಿಸಿದ ವರದಿ ಈ ವಿಷಯದಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಪಿಎಸ್‌ಎ ಏರಿದ 304 ಜನರಲ್ಲಿ ಕ್ಯಾನ್ಸರ್ ಹರಡಿದ್ದು 103 ಜನರಲ್ಲಿ. ಪಿಎಸ್‌ಎ ಏರಲು ತೊಡಗಿದಲ್ಲಿಂದ ಹರಡುವ ತನಕ ನಡುವಿನ ಅಂತರ ಮಧ್ಯಮ ಲೆಕ್ಕದಲ್ಲಿ (ಅರ್ಧ ಜನರಿಗೆ ಇದಕ್ಕಿಂತ ಕಡಿಮೆ, ಅರ್ಧ ಜನರಿಗೆ ಹೆಚ್ಚು) ಎಂಟು ವರ್ಷ. ಹರಡುವ ತನಕ ಅವರಿಗೆ ಹಾರ್ಮೋನ್ ಕೊಟ್ಟಿರಲಿಲ್ಲ ಎಂಬುದು ನೆನಪಿರಲಿ. ಇದಕ್ಕೆ ಎದುರಾಗಿ 2016ರಲ್ಲಿ ಟೋಡ್ ಎಂಬ ಅಧ್ಯಯನ ಬಂತು: ಕೂಡಲೇ ಶುರು ಮಾಡಿದವರಲ್ಲಿ ಐದು ವರ್ಷ ಬದುಕಿದವರು ಶೇ 91, ಕಾದವರಲ್ಲಿ ಶೇ 86. ಈ ಅಂಕಿಗಳನ್ನು ಹಿಡಿದು ಯಾರಾದರೂ ನಿಮ್ಮನ್ನು ಹೆದರಿಸಿದರೆ, ಅದರಲ್ಲಿದ್ದವರು ಬರೀ 293 ಜನ, ಯೋಜಿಸಿದ್ದಕ್ಕಿಂತ ಬಹಳ ಕಡಿಮೆ ಜನ ಸೇರಿದ್ದರಿಂದ ಅದು ಕೊನೆಯ ಮಾತಾಗಲಾರದು ಎಂದು ಹೇಳಿ.

ನನ್ನ ವಿಷಯದಲ್ಲಿ ಮೊದಲ ಕೆಲವು ವರ್ಷ ಪಿಎಸ್‌ಎ ದುಪ್ಪಟ್ಟಾಗಲು ಒಂದೂವರೆ ವರ್ಷಕ್ಕಿಂತ ಹೆಚ್ಚು ಹಿಡಿಯುತ್ತಿತ್ತು. ಲೇಖನ ಸಾಮಗ್ರಿ ಅಂಗಡಿಯಿಂದ ಸೆಮಿ-ಲಾಗ್ ಗ್ರಾಫ್ ಹಾಳೆ ತಂದು ಪ್ರತಿ ವರದಿಯನ್ನೂ ಅದರಲ್ಲಿ ಚುಕ್ಕೆ ಇಡುತ್ತಿದ್ದೆ. ಆ ಹಾಳೆಯ ಗುಣವೇನೆಂದರೆ, ಒಂದೇ ವೇಗದಲ್ಲಿ ದುಪ್ಪಟ್ಟಾಗುವ ಅಂಕಿಗಳು ಅದರಲ್ಲಿ ನೇರ ಗೆರೆಯಾಗಿ ಕೂರುತ್ತವೆ. ಸಾಮಾನ್ಯ ಗ್ರಾಫಿನಲ್ಲಿ ಅವೇ ಅಂಕಿಗಳು ಗೋಡೆಯಂತೆ ಎದ್ದು ನಿಂತು ಎದೆ ನಡುಗಿಸುತ್ತವೆ. ಗೆರೆ ನೇರವಾಗಿರುವ ತನಕ ನಾನೂ ನೆಮ್ಮದಿಯಾಗಿದ್ದೆ, ನನ್ನ ವೈದ್ಯರೂ ನೆಮ್ಮದಿಯಾಗಿದ್ದರು. ನನ್ನ ಹೆಂಡತಿ ಮಾತ್ರ ಇರಲಿಲ್ಲ. ಕಾಯಿಲೆ ಇದೆ, ಔಷಧ ಇದೆ, ಆದರೂ ತೆಗೆದುಕೊಳ್ಳುತ್ತಿಲ್ಲ ಎಂಬುದನ್ನು ಮನೆಯವರಿಗೆ ಒಪ್ಪಿಸುವುದು ಲಾಗರಿದಮ್ ಕಲಿಸುವುದಕ್ಕಿಂತ ಕಷ್ಟ. ಒಂದು ವರ್ಷ ಗೆರೆ ಮೇಲಕ್ಕೆ ಬಾಗಿತು. ಅವಧಿ ಆರು ತಿಂಗಳ ಆಸುಪಾಸಿಗೆ ಇಳಿಯಿತು. ಆಗ ಇಂಜೆಕ್ಷನ್ ಶುರು ಮಾಡಿದೆವು, ಚರ್ಚೆಗೆ ಏನೂ ಉಳಿದಿರಲಿಲ್ಲ.

ಶುರು ಮಾಡಿದರೆ ಏನಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ಈ ಚಿಕಿತ್ಸೆ ಟೆಸ್ಟೊಸ್ಟಿರಾನ್ ಅನ್ನು ಬಹುತೇಕ ಇಲ್ಲವಾಗಿಸುತ್ತದೆ. ಕ್ಯಾನ್ಸರನ್ನು ತಡೆದು ಹಿಡಿಯುತ್ತದೆ, ಬೇರು ಸಮೇತ ಕೀಳುವುದಿಲ್ಲ. ನಾನು ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುವವನು. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು ಹೊರಟರೆ ನಡುದಾರಿಯಲ್ಲಿ ಎದೆಯಿಂದ ಬಿಸಿ ಹತ್ತಿ ನೆತ್ತಿಯವರೆಗೆ ಬೆವರು. ಸ್ವೆಟರ್ ಬಿಚ್ಚಿ ಹೆಗಲಿಗೆ ಹಾಕುವಷ್ಟರಲ್ಲಿ ಬೆವರು ಆರಿ ಚಳಿ ಹಿಡಿಯುವುದು, ಮತ್ತೆ ಹಾಕಿಕೊಳ್ಳುವುದು. ಜೊತೆಯವರು ನಗುತ್ತಿದ್ದರು. ಮುಟ್ಟು ನಿಲ್ಲುವ ಕಾಲದಲ್ಲಿ ಇದನ್ನೇ ಅನುಭವಿಸಿದ್ದ ನನ್ನ ಹೆಂಡತಿ, "ಈಗ ಗೊತ್ತಾಯಿತೇ?" ಎಂದು ಕೇಳಿ ಒಳಗೆ ಹೋದಳು. ಇದು ಹಗುರವಾದ ತೊಂದರೆ. ತೋಳು ತೊಡೆಗಳ ಕಸುವು ಕರಗಿ ಹೊಟ್ಟೆಗೆ ಕೊಬ್ಬು ಕೂರುವುದು, ಮೂಳೆ ಸವೆಯುವುದು, ಸಕ್ಕರೆ ಏರುವುದು, ಕಾರಣವಿಲ್ಲದೆ ಮನಸ್ಸು ಕುಗ್ಗುವುದು ಹಗುರವಾದವಲ್ಲ. ಹೃದಯದ ಕಾಯಿಲೆ ಮೊದಲೇ ಇದ್ದವರು ಆ ವೈದ್ಯರನ್ನೂ ಕೇಳಿಯೇ ಮುಂದುವರಿಯಬೇಕು. ಮೂಳೆಯ ಸಾಂದ್ರತೆಯ ಪರೀಕ್ಷೆಯನ್ನು ಶುರು ಮಾಡುವ ಮೊದಲೇ ಮಾಡಿಸಿ. ರಾಗಿ ಮುದ್ದೆ ತಿಂದರೆ ಸಾಕು ಎನ್ನುವ ನೆಂಟರು ಸಿಗುತ್ತಾರೆ. ರಾಗಿ ಒಳ್ಳೆಯದೇ, ಆದರೆ ಭಾರ ಎತ್ತುವ ವ್ಯಾಯಾಮವೂ, ವೈದ್ಯರು ಹೇಳಿದರೆ ವಿಟಮಿನ್ ಡಿ ಕೂಡ ಬೇಕು.

ಕಾಮಾಸಕ್ತಿಯೂ ಹೋಗುತ್ತದೆ. 72ನೇ ವಯಸ್ಸಿಗೆ ಅದರ ಚಿಂತೆ ಏಕೆ ಎಂದು ಮಕ್ಕಳು ತಾವೇ ತೀರ್ಮಾನಿಸಬಾರದು. ಆ ಮಾತನ್ನು ವೈದ್ಯರು ನಿಮ್ಮ ತಂದೆಯವರೊಡನೆ ಆಡುವಾಗ ನೀವು ಹೊರಗೆ ಕುಳಿತಿರಿ. ದಿನವೂ ತೋಟಕ್ಕೆ ಹೋಗಿ ಕೆಲಸ ಮಾಡುತ್ತಾರೆ ಎಂದು ಬರೆದಿದ್ದೀರಿ. ಆ ತೋಟದ ಕೆಲಸವೂ ಈ ತೀರ್ಮಾನದ ಒಂದು ಭಾಗ. ಅವರಿಗೆ ಇನ್ನೆರಡು ವರ್ಷ ಈಗಿನಂತೆಯೇ ದುಡಿಯುವುದು ಮುಖ್ಯವೋ, ಏರುವ ಅಂಕಿಯನ್ನು ನೋಡುತ್ತ ಕೂರಲಾರೆ ಎನ್ನುವ ಸ್ವಭಾವವೋ? ಎರಡನೆಯದಾದರೆ ಬೇಗ ಶುರು ಮಾಡುವುದೇ ಸರಿ. ನಿದ್ದೆಗೆಟ್ಟು ಕಾಯುವುದರಲ್ಲಿ ಯಾವ ಲಾಭವೂ ಇಲ್ಲ.

ಈಗ ಮಾಡಬೇಕಾದದ್ದು. ಬೋನ್ ಸ್ಕ್ಯಾನ್ ಮತ್ತು ಸಿಟಿಯಲ್ಲಿ ಏನೂ ಕಾಣಲಿಲ್ಲ ಎಂದಿದ್ದೀರಿ, 0.9ರಲ್ಲಿ ಅವು ಸಾಮಾನ್ಯವಾಗಿ ಏನನ್ನೂ ತೋರಿಸುವುದಿಲ್ಲ. ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಬಗ್ಗೆ ಕೇಳಿ. ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳನ್ನು ಹುಡುಕಿ ತೋರಿಸುವ ಈ ಸ್ಕ್ಯಾನ್ ಬೆಂಗಳೂರಿನಲ್ಲಿ ಲಭ್ಯವಿದೆ, ಇಷ್ಟು ಪಿಎಸ್‌ಎ ಇರುವ ಅರ್ಧದಷ್ಟು ಜನರಲ್ಲಾದರೂ ಏನಾದರೂ ಪತ್ತೆಯಾಗುತ್ತದೆ. ಇಂಜೆಕ್ಷನ್ ಶುರುವಾದ ಮೇಲೆ ಮಾಡಿಸಿದರೆ ಸಣ್ಣ ಗಡ್ಡೆಗಳು ಮರೆಯಾಗಬಹುದು, ಆದ್ದರಿಂದ ಮೊದಲೇ ಮಾಡಿಸುವುದು ಲೇಸು. ಒಂದೆರಡು ದುಗ್ಧಗ್ರಂಥಿಗಳಲ್ಲಷ್ಟೇ ಕಂಡರೆ ಅಲ್ಲಿಗೆ ಮಾತ್ರ ರೇಡಿಯೇಷನ್ ಕೊಟ್ಟು ಹಾರ್ಮೋನನ್ನು ಇನ್ನಷ್ಟು ಮುಂದೂಡುವ ದಾರಿಯೂ ಇದೆ. (ಇದನ್ನು ಓದುತ್ತಿರುವ ಬೇರೆಯವರಿಗೆ: ಶಸ್ತ್ರಚಿಕಿತ್ಸೆಯ ನಂತರ ರೇಡಿಯೇಷನ್ ಇನ್ನೂ ಆಗಿಲ್ಲದಿದ್ದರೆ ನಿಮ್ಮ ಪ್ರಶ್ನೆಯೇ ಬೇರೆ. ಅಲ್ಲಿ ಗುಣವಾಗುವ ಅವಕಾಶ ಇನ್ನೂ ಇರುತ್ತದೆ, ಮತ್ತು ಪಿಎಸ್‌ಎ 0.5 ದಾಟುವ ಮೊದಲೇ ರೇಡಿಯೇಷನ್ ತಜ್ಞರನ್ನು ಕಾಣಬೇಕು.)

ಒಂದು ವೇಳೆ ಶುರು ಮಾಡಬೇಕಾಗಿ ಬಂದರೆ, ಅದು ಜೀವನಪೂರ್ತಿಯ ಶಿಕ್ಷೆ ಎಂದುಕೊಳ್ಳಬೇಡಿ. ರೇಡಿಯೇಷನ್ ನಂತರ ಪಿಎಸ್‌ಎ ಏರಿದ 1386 ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಟ್ಟು ಬಿಟ್ಟು ತೆಗೆದುಕೊಂಡವರ ಮಧ್ಯಮ ಆಯುಸ್ಸು 8.8 ವರ್ಷ, ನಿರಂತರವಾಗಿ ತೆಗೆದುಕೊಂಡವರದು 9.1 ವರ್ಷ. ನಾನೂ ಈಗ ಬಿಡುವಿನ ಕಾಲದಲ್ಲಿದ್ದೇನೆ. ಬೆವರು ನಿಂತಿದೆ, ಕಸುವು ನಿಧಾನವಾಗಿ ಮರಳುತ್ತಿದೆ. ಇದೇ ಕಾರಣಕ್ಕೆ, ಖರ್ಚು ಕಡಿಮೆ ಎಂದು ಯಾರಾದರೂ ಇಂಜೆಕ್ಷನ್ ಬದಲು ವೃಷಣ (ಟೆಸ್ಟೊಸ್ಟಿರಾನ್ ಹೆಚ್ಚಾಗಿ ಹುಟ್ಟುವ ಜಾಗ) ತೆಗೆಸುವ ಸಲಹೆ ಕೊಟ್ಟರೆ ಈ ಹಂತದಲ್ಲಿ ಒಪ್ಪಬೇಡಿ ಎನ್ನುತ್ತೇನೆ. ಕಾಯಿಲೆ ಹರಡಿದವರಿಗೆ ಅದು ಒಳ್ಳೆಯ ಚಿಕಿತ್ಸೆಯೇ. ಆದರೆ ತೆಗೆದ ಮೇಲೆ ಬಿಡುವು ಎಂಬುದೇ ಇರುವುದಿಲ್ಲ.

ಮುಂದಿನ ಪಿಎಸ್‌ಎ ಪರೀಕ್ಷೆಯನ್ನು ಕಳೆದ ಸಲದ ನಂತರ ಸರಿಯಾಗಿ ಮೂರು ತಿಂಗಳಿಗೆ, ಅದೇ ಪ್ರಯೋಗಾಲಯದಲ್ಲಿ ಮಾಡಿಸಿ; ಲ್ಯಾಬ್ ಬದಲಾದರೆ ಅಂಕಿಯೂ ಅಷ್ಟಿಷ್ಟು ಬದಲಾಗುತ್ತದೆ. 1.1ರ ಆಸುಪಾಸು ಬಂದರೆ ಹಳೆಯ ವೇಗವೇ ಮುಂದುವರಿದಿದೆ ಎಂದರ್ಥ, ಇನ್ನೂ ಮೂರು ತಿಂಗಳು ಧೈರ್ಯವಾಗಿ ಕಾಯಬಹುದು. 1.3 ಅಥವಾ ಹೆಚ್ಚು ಬಂದರೆ ಎರಡು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ. ಅದೂ ಅಷ್ಟೇ ಇದ್ದರೆ ದುಪ್ಪಟ್ಟಾಗುವ ಕಾಲ ಆರು ತಿಂಗಳಿಗೆ ಇಳಿದಿದೆ; ಆಗ ಶುರು ಮಾಡೋಣ ಎಂದ ವೈದ್ಯರ ಬಳಿಗೇ ಹೋಗಿ, ಇಂಜೆಕ್ಷನ್ ಒಂದೇ ಸಾಕೋ ಮಾತ್ರೆಯೂ ಬೇಕೋ ಎಂದು ಕೇಳಿ.