ಹಳೆಯ ಕೆಲಸ ಬಿಟ್ಟು ಸಣ್ಣ ಸ್ಟಾರ್ಟ್‌ಅಪ್ ಸೇರಬಹುದೇ?

ಹನ್ನೊಂದು ವರ್ಷಗಳಿಂದ ಒಂದೇ ದೊಡ್ಡ ಸಂಸ್ಥೆಯಲ್ಲಿದ್ದೀರಿ, ಹದಿನೈದು ಜನರ ಸ್ಟಾರ್ಟ್‌ಅಪ್ ಒಂದು ಕರೆದಿದೆ, ಸಂಬಳ ಈಗಿನದಕ್ಕಿಂತ ಕಡಿಮೆ, ಆ ಕೊರತೆಗೆ ಷೇರು ಕೊಡುತ್ತೇವೆ ಎನ್ನುತ್ತಿದ್ದಾರೆ; ಹೋಗಬೇಕೇ ಬೇಡವೇ ಎಂದು ಕೇಳಿದ್ದೀರಿ. ನಾನು 14 ವರ್ಷ ಒಂದೇ ಕಡೆ ದುಡಿದು, ಒಂಬತ್ತು ಜನರಿದ್ದ ಸಂಸ್ಥೆಗೆ ಹತ್ತನೆಯವನಾಗಿ ಸೇರಿದವನು. ಸೇರಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಕೇಳಲೇಬೇಕಾಗಿದ್ದ ಒಂದು ಪ್ರಶ್ನೆಯನ್ನು ಸಂಕೋಚಪಟ್ಟು ನುಂಗಿಕೊಂಡೆ, ಅದು ನನಗೂ ನನ್ನ ಮನೆಯವರಿಗೂ ಬಹಳ ದುಬಾರಿಯಾಯಿತು.

ಆ ಪ್ರಶ್ನೆ ಇಷ್ಟೇ: ಸಂಸ್ಥೆಯ ಹೆಸರಿನಲ್ಲಿ ಈಗ ಬ್ಯಾಂಕಿನಲ್ಲಿರುವ ಹಣ ಇನ್ನೆಷ್ಟು ತಿಂಗಳಿಗೆ ಸಾಕಾಗುತ್ತದೆ? ಈ ಅವಧಿಯನ್ನು ಸ್ಟಾರ್ಟ್‌ಅಪ್ ವಲಯದವರು ರನ್‌ವೇ ಎನ್ನುತ್ತಾರೆ. ಲೆಕ್ಕ ಸರಳವಾಗಿದೆ. ಕೈಯಲ್ಲಿರುವ ಹಣವನ್ನು, ಪ್ರತಿ ತಿಂಗಳು ಆದಾಯಕ್ಕಿಂತ ಹೆಚ್ಚಾಗಿ ಆಗುವ ಖರ್ಚಿನಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. ಹನ್ನೆರಡು ತಿಂಗಳು ಎಂಬ ಉತ್ತರ ಬಂದರೆ ಒಂದು ವರ್ಷ ನಿಶ್ಚಿಂತೆ ಎಂದು ತಿಳಿಯಬೇಡಿ. ಹೊಸ ಹೂಡಿಕೆಯನ್ನು ಹುಡುಕಿ, ಒಪ್ಪಂದ ಮುಗಿಸಿ, ಹಣ ಖಾತೆಗೆ ಬರುವುದಕ್ಕೇ ಹಲವು ತಿಂಗಳು ಹಿಡಿಯುವುದರಿಂದ ನಿಜವಾದ ಬಿಡುವು ಅದಕ್ಕಿಂತ ಎಷ್ಟೋ ಕಡಿಮೆ. ನಾನು ಸೇರಿದ ಎಂಟನೆಯ ತಿಂಗಳಲ್ಲಿ ಸಂಸ್ಥಾಪಕರು ನಮ್ಮೆಲ್ಲರನ್ನೂ ಕೂರಿಸಿಕೊಂಡು, ಇನ್ನು ಎರಡು ತಿಂಗಳ ಸಂಬಳಕ್ಕೆ ಮಾತ್ರ ಹಣವಿದೆ ಎಂದರು. ಮುಂದಿನ ನಾಲ್ಕು ತಿಂಗಳು ಅರ್ಧ ಸಂಬಳದಲ್ಲಿ ಕಳೆದೆವು, ಆಮೇಲೆ ಹೊಸ ಹೂಡಿಕೆದಾರರು ಬಂದರು. ಸಂಸ್ಥಾಪಕರು ನನಗೆ ಸುಳ್ಳು ಹೇಳಿರಲಿಲ್ಲ. ನಾನು ಕೇಳಿರಲಿಲ್ಲ, ಅವರು ತಾವಾಗಿ ಹೇಳಿರಲಿಲ್ಲ, ಅಷ್ಟೆ. ಕೇಳಿದ್ದರೆ ಬಹುಶಃ ಆಗಲೂ ಸೇರುತ್ತಿದ್ದೆ, ಆದರೆ ಆರು ತಿಂಗಳ ಮನೆಖರ್ಚನ್ನು ಬದಿಗಿಟ್ಟುಕೊಂಡು ಸೇರುತ್ತಿದ್ದೆ.

ಈ ಪ್ರಶ್ನೆಯಿಂದ ಇನ್ನೊಂದು ಪ್ರಯೋಜನವೂ ಇದೆ, ನನ್ನ ಮಟ್ಟಿಗೆ ಅದೇ ಹೆಚ್ಚಿನದು. ಉತ್ತರಿಸುವಾಗ ಸಂಸ್ಥಾಪಕರು ಹೇಗೆ ವರ್ತಿಸುತ್ತಾರೆ ಎಂಬುದನ್ನು ಗಮನಿಸಿ. ಅಂಕಿಯನ್ನು ನೇರವಾಗಿ ಹೇಳಿ, ಹಣ ಮುಗಿಯುತ್ತಾ ಬಂದರೆ ಏನು ಮಾಡುತ್ತೇವೆ ಎಂಬುದನ್ನೂ ವಿವರಿಸುವವರ ಜೊತೆ ಕಷ್ಟದ ದಿನಗಳಲ್ಲೂ ಕೆಲಸ ಮಾಡಬಹುದು. ಕನಸಿನ ಮಾತಾಡಿ ವಿಷಯ ಬದಲಿಸುವವರು, ಅಥವಾ ನಿಮಗೆ ನಂಬಿಕೆ ಸಾಲದು ಎಂದು ಸೂಚಿಸುವವರು, ನಾಳೆ ಸಂಬಳ ತಡವಾದಾಗಲೂ ಹಾಗೆಯೇ ಮಾತಾಡುತ್ತಾರೆ.

ಷೇರಿನ ವಿಷಯದಲ್ಲಿ ಸಂಖ್ಯೆಗೆ ಮರುಳಾಗಬೇಡಿ. ಹತ್ತು ಸಾವಿರ ಷೇರು ಎಂದು ಬರೆದುಕೊಟ್ಟರೆ, ಒಟ್ಟು ಷೇರುಗಳೆಷ್ಟು ಎಂದು ಕೇಳಿ. ಹತ್ತು ಲಕ್ಷದಲ್ಲಿ ಹತ್ತು ಸಾವಿರವೆಂದರೆ ಶೇ 1, ಒಂದು ಕೋಟಿಯಲ್ಲಾದರೆ ಶೇ 0.1 ಮಾತ್ರ. ಸಾಮಾನ್ಯವಾಗಿ ಕೊಡುವುದು ನೇರ ಷೇರನ್ನಲ್ಲ, ಮುಂದೊಂದು ದಿನ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕನ್ನು. ಆ ಹಕ್ಕು ಕೂಡ ಹೆಚ್ಚಿನ ಕಡೆ ನಾಲ್ಕು ವರ್ಷಗಳಲ್ಲಿ ಕಂತುಕಂತಾಗಿ ನಿಮ್ಮದಾಗುತ್ತದೆ, ಮೊದಲ ವರ್ಷ ತುಂಬುವ ಮುನ್ನ ಹೊರನಡೆದರೆ ಏನೂ ಉಳಿಯುವುದಿಲ್ಲ. ಬಿಟ್ಟ ನಂತರ ಎಷ್ಟು ದಿನಗಳೊಳಗೆ ಹಣ ಕಟ್ಟಿ ಕೊಳ್ಳಬೇಕು ಎಂಬುದನ್ನು ಓದಿ ನೋಡಿ. 90 ದಿನಗಳ ಗಡುವು ಎಷ್ಟೋ ಒಪ್ಪಂದಗಳಲ್ಲಿರುತ್ತದೆ, ಆ ವೇಳೆಗೆ ಹಣ ಹೊಂದಿಸಲಾಗದೆ ಹಕ್ಕನ್ನೇ ಕಳೆದುಕೊಳ್ಳುವವರಿದ್ದಾರೆ. ಹೂಡಿಕೆದಾರರಿಗೆ ತಾವು ಹಾಕಿದ ಹಣವನ್ನು ಮೊದಲು ಹಿಂಪಡೆಯುವ ಹಕ್ಕಿದ್ದು, ಸಂಸ್ಥೆ ಅದಕ್ಕಿಂತ ಕಡಿಮೆ ಮೊತ್ತಕ್ಕೆ ಮಾರಾಟವಾದರೆ, ನೌಕರರ ಪಾಲಿಗೆ ಸೊನ್ನೆಯೇ ಬರಬಹುದು. ಹಾಗಾಗಿ ಷೇರಿನ ಬೆಲೆ ಸೊನ್ನೆ ಎಂದೇ ಇಟ್ಟುಕೊಂಡು, ಬರೀ ಸಂಬಳದ ಮೇಲೆ ಮನೆ ನಡೆಯುತ್ತದೆಯೇ ಎಂದು ಲೆಕ್ಕ ಹಾಕಿ. ನಡೆಯುವುದಿಲ್ಲ ಎಂದಾದರೆ ಸಂಬಳ ಹೆಚ್ಚಿಸಲು ಕೇಳಿ, ಅದೂ ಆಗದಿದ್ದರೆ ಬೇಡವೆನ್ನಿ.

ಇಷ್ಟೆಲ್ಲ ಹೇಳಿದ ಮೇಲೂ ನನಗೆ ಪಶ್ಚಾತ್ತಾಪವಿಲ್ಲದಿರಲು ಕಾರಣವಿದೆ. ದೊಡ್ಡ ಸಂಸ್ಥೆಯಲ್ಲಿ ನನ್ನ ಕೆಲಸ ಬಳಕೆದಾರರನ್ನು ತಲುಪುವ ಹೊತ್ತಿಗೆ ನಾನು ಅದನ್ನು ಮರೆತಿರುತ್ತಿದ್ದೆ. ಇಲ್ಲಿ ಬೆಳಿಗ್ಗೆ ಸರಿಪಡಿಸಿದ ತಪ್ಪಿಗೆ ಸಂಜೆ ಗ್ರಾಹಕರೇ ಕರೆ ಮಾಡಿ ಧನ್ಯವಾದ ಹೇಳಿದ ದಿನ, ಬಹಳ ವರ್ಷಗಳಿಂದ ನನಗೇನು ಬೇಕಾಗಿತ್ತು ಎಂಬುದು ಗೊತ್ತಾಯಿತು. ಅದೇ ಹೊತ್ತಿಗೆ, ಮೊದಲ ಮೂರು ತಿಂಗಳು ನನ್ನ ಆತ್ಮವಿಶ್ವಾಸವೇ ಕುಸಿದಿತ್ತೆಂಬುದನ್ನೂ ಹೇಳಬೇಕು. ಯಾವ ಸಮಸ್ಯೆಗೆ ಯಾರ ಬಳಿ ಹೋಗಬೇಕು, ಯಾರ ಮಾತಿಗೆ ಎಷ್ಟು ತೂಕ ಎಂಬ ತಿಳಿವಳಿಕೆಯನ್ನು ನಾನು ನನ್ನ ಸಾಮರ್ಥ್ಯವೆಂದೇ ಭಾವಿಸಿದ್ದೆ. ಅದರಲ್ಲಿ ಬಹುಪಾಲು ಹಳೆಯ ಕಟ್ಟಡದಲ್ಲೇ ಉಳಿಯಿತು. ನನಗಿಂತ ಹತ್ತು ವರ್ಷ ಚಿಕ್ಕವರಿಂದ ಹೊಸ ಸಾಧನಗಳನ್ನು ಕಲಿಯಬೇಕಾಯಿತು, ಅವರು ಬೇಸರಿಸದೆ ಕಲಿಸಿದರು. ನಿಮಗೂ ಹೀಗಾದರೆ ತಪ್ಪು ನಿರ್ಧಾರ ಮಾಡಿದೆನೆಂದು ಆ ಮೂರು ತಿಂಗಳಲ್ಲೇ ತೀರ್ಮಾನಿಸಬೇಡಿ.

ಸಾಧ್ಯವಾದರೆ ಸೇರುವ ಮೊದಲು ಒಂದೆರಡು ದಿನ ರಜೆ ಹಾಕಿ ಅವರ ತಂಡದೊಂದಿಗೆ ಕುಳಿತು ನೋಡಿ, ಅಲ್ಲಿಂದ ಬಿಟ್ಟುಹೋದ ಒಬ್ಬರ ಬಳಿಯಾದರೂ ಮಾತಾಡಿ. ಸಂಬಳ, ಷೇರಿನ ಶೇಕಡಾವಾರು ಪಾಲು, ಸೇರುವ ದಿನಾಂಕ ಎಲ್ಲವೂ ಬರಹದಲ್ಲಿ ಕೈಗೆ ಬಂದ ನಂತರವೇ ರಾಜೀನಾಮೆ ಕೊಡಿ. ಕೊಟ್ಟ ಮೇಲೆ ನೋಟಿಸ್ ಅವಧಿಯನ್ನು ಪೂರ್ತಿ ದುಡಿದು, ನಿಮ್ಮ ತಲೆಯಲ್ಲಷ್ಟೇ ಇರುವುದನ್ನೆಲ್ಲ ಬರೆದಿಟ್ಟು ಹೊರಡಿ. ಆ ಅರ್ಧ ಸಂಬಳದ ತಿಂಗಳುಗಳಲ್ಲಿ, ಬೇಕಿದ್ದರೆ ಮರಳಿ ಬನ್ನಿ ಎಂದು ನನಗೆ ಮೊದಲು ಕರೆ ಮಾಡಿದವರು ನನ್ನ ಹಳೆಯ ಮೇಲಧಿಕಾರಿ.