ಪ್ರತಿ: ಲಿಗೇಷನ್ ಹಾಕಿದಾಗ ಮಾತ್ರ ಕ್ಯುವೆಟ್‌ನಲ್ಲಿ ಕಿಡಿ

ಎಲೆಕ್ಟ್ರೊಪೊರೇಷನ್ (ವಿದ್ಯುತ್ ಪಲ್ಸ್ ಕೊಟ್ಟು ಕೋಶದೊಳಗೆ ಡಿಎನ್ಎ ಸೇರಿಸುವುದು) ಮಾಡುವಾಗ ಶುದ್ಧ ಪ್ಲಾಸ್ಮಿಡ್ (ಉಂಗುರದಂಥ ಡಿಎನ್ಎ) ಹಾಕಿದರೆ ತೊಂದರೆಯಿಲ್ಲ, 50 ಮೈಕ್ರೊಲೀಟರ್ ಇ. ಕೋಲಿ ಕೋಶಕ್ಕೆ 5 ಮೈಕ್ರೊಲೀಟರ್ ಲಿಗೇಷನ್ (ಡಿಎನ್ಎ ತುಣುಕು ಜೋಡಿಸಿದ ಮಿಶ್ರಣ) ಹಾಕಿದರೆ ಮಾತ್ರ ಕ್ಯುವೆಟ್‌ನಲ್ಲಿ (ಪಲ್ಸ್ ಕೊಡುವ ಪುಟ್ಟ ಪಾತ್ರೆ) ಕಿಡಿ ಹಾರುತ್ತದೆ ಅಂದಿದ್ದೀರಿ. ಹಾಗಾದರೆ ಕೋಶಗಳು ಚೆನ್ನಾಗಿಯೇ ಇವೆ. ತೊಂದರೆ ಲಿಗೇಷನ್ ಬಫರಿನ ಉಪ್ಪಿನದು. ಉಪ್ಪಿನಿಂದ ರೋಧ ಕುಸಿದು ಕರೆಂಟ್ ಒಮ್ಮೆಲೇ ನುಗ್ಗುತ್ತದೆ.

ಲಿಗೇಷನ್ ಮುಗಿದ ಮೇಲೆ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ ಇಡಿ. ಡಿಎನ್ಎಗೆ ಅಂಟಿಕೊಂಡ ಲೈಗೇಸ್ (ತುಣುಕು ಜೋಡಿಸುವ ಕಿಣ್ವ) ಕೂಡ ಫಲಿತಾಂಶ ಕೆಡಿಸುತ್ತದೆ. (ಬಫರಿನಲ್ಲಿ ಪಿಇಜಿ, ಅಂದರೆ ಪಾಲಿಎಥಿಲೀನ್ ಗ್ಲೈಕಾಲ್, ಇದ್ದರೆ ಬಿಸಿ ಮಾಡಲೇಬೇಡಿ.) ಆಮೇಲೆ ಕಾಲಂನಲ್ಲಿ (ಡಿಎನ್ಎ ಹಿಡಿದಿಟ್ಟು ಉಪ್ಪು ತೊಳೆಯುವ ಕೊಳವೆ) ಶುದ್ಧ ಮಾಡಿ, ಡಿಎನ್ಎಯನ್ನು ಎಲ್ಯೂಷನ್ ಬಫರಿನ ಬದಲು ನೀರಿನಲ್ಲಿ ಇಳಿಸಿಕೊಳ್ಳಿ. ಅದರಲ್ಲಿ 1 ಮೈಕ್ರೊಲೀಟರ್ ಸಾಕು, 2 ದಾಟಬೇಡಿ.

1 ಮಿಲಿಮೀಟರ್ ಕ್ಯುವೆಟ್‌ಗೆ 1.8 ಕಿಲೋವೋಲ್ಟ್, 25 ಮೈಕ್ರೊಫ್ಯಾರಡ್, 200 ಓಮ್ ಇಡಿ. ಟೈಮ್ ಕಾನ್‌ಸ್ಟಂಟ್ (ಪಲ್ಸ್ ಎಷ್ಟು ಬೇಗ ಇಳಿಯುತ್ತದೆ ಎಂಬುದರ ಅಳತೆ) 4.5ರಿಂದ 5 ಮಿಲಿಸೆಕೆಂಡ್ ಬರಬೇಕು. ಕಿಡಿ ಹಾರದಿದ್ದರೂ 4ಕ್ಕಿಂತ ಕಡಿಮೆ ಬಂದರೆ ಉಪ್ಪು ಇನ್ನೂ ಉಳಿದಿದೆ. ಯಂತ್ರಕ್ಕೆ ಹಾಕುವ ಮುನ್ನ ಕ್ಯುವೆಟ್ ತಟ್ಟಿ ಗುಳ್ಳೆ ಬಿಡಿಸಿ, ಹೊರಮೈ ಒರೆಸಿ. ಗುಳ್ಳೆಯಿಂದಲೂ ಕಿಡಿ ಹಾರುತ್ತದೆ.

ಪಲ್ಸ್ ಕೊಟ್ಟ ತಕ್ಷಣ, ರೀಡಿಂಗ್ ಬರೆದುಕೊಳ್ಳುವುದಕ್ಕೂ ಮೊದಲು, 1 ಮಿಲಿಲೀಟರ್ ಎಸ್ಒಸಿ (ಕೋಶ ಚೇತರಿಸಿಕೊಳ್ಳಲು ಕೊಡುವ ಪೋಷಕ ದ್ರವ) ಸುರಿಯಿರಿ. ಒಂದು ನಿಮಿಷ ತಡವಾದರೂ ಕಾಲೊನಿಗಳು ಗಣನೀಯವಾಗಿ ಇಳಿಯುತ್ತವೆ. 37 ಡಿಗ್ರಿಯಲ್ಲಿ ಒಂದು ಗಂಟೆ ಅಲುಗಾಡಿಸಿ ಪ್ಲೇಟ್ ಮಾಡಿ (ಅಗರ್ ತಟ್ಟೆಯ ಮೇಲೆ ಹರಡಿ).